ಬೆಲೆ ಏರಿದವನು

ನನ್ನ ದ್ವೀಪದಲ್ಲಿ ಮರವಿಲ್ಲ.
ಷೆಟ್‌ಲ್ಯಾಂಡಿನ ಗಾಳಿ
ಮೊಣಕಾಲಿಗಿಂತ ಮೇಲೆ ಏನನ್ನೂ ಬೆಳೆಯಗೊಡದು.
ಅಜ್ಜನ ದೋಣಿಯ ಕಂಬವೇ ನಾನು ಕಂಡ ಮೊದಲ ಕಾಂಡ,
ಎಲೆಯ ಬದಲು ಅದಕ್ಕೆ ಉಪ್ಪು.

ಅಂಥವಳು ಇಲ್ಲಿ, ಡೆಡ್ಜಾ ಬೆಟ್ಟದ ಬೆನ್ನಿಗೆ,
ಮ್ಕೂಯು ಮರದ ಬುಡದಲ್ಲಿ ಶಾಲೆ ಇಟ್ಟಿದ್ದೇನೆ.
ಇಟ್ಟಿದ್ದೇನೆ ಅನ್ನುವುದೂ ಜಂಬವೇ. ಮರ ಮೊದಲೇ ಇತ್ತು,
ಮಕ್ಕಳೂ ಇದ್ದರು,
ಮಳೆ ಬಂದರೆ ನುಗ್ಗಲು ಸಭೆಯ ಹಿರಿಯರು ಹಾಕಿಸಿದ ತಗಡಿನ ಮಾಡೂ ಇತ್ತು.
ನಾನು ತಂದದ್ದು ಎರಡು ಡಬ್ಬಿ ಸೀಮೆಸುಣ್ಣ
ಮತ್ತು ಕೇಳಿದವರಿಗೆ ಹೇಳುವಷ್ಟು ಯೇಸು.

ಅತ್ತಿಯ ಜಾತಿ ಅದು, ಮೈಗೇ ಹಣ್ಣು ಬಿಡುತ್ತದೆ.
ಸೀಳಿ, ಊದಿ, ಇರುವೆ ಹಾರಿಸಿ ತಿನ್ನುವುದನ್ನು
ಮೊದಲ ವಾರವೇ ತಿಯಾಂಜಾನೆ ಕಲಿಸಿದಳು.
"ಎಲ್ಲ ಹಾರಿಸಬೇಡಿ ಮಡಾಮು, ಒಂದೆರಡು ರುಚಿಗೆ."

ಜನವರಿ. ಕಣಜಗಳು ತಳ ತೋರಿಸುವ ತಿಂಗಳು.
ಹೊಲದಲ್ಲಿ ಮುಸುಕಿನ ಜೋಳ ಮಕ್ಕಳೆತ್ತರ, ತೆನೆಯಿಲ್ಲ.
ಹಾಜರಿ ಪುಸ್ತಕದಲ್ಲಿ ನಲವತ್ತೊಂದು ಹೆಸರು,
ಚಾಪೆಯ ಮೇಲೆ ಹತ್ತೊಂಬತ್ತು ತಲೆ.
ಆವತ್ತಿನ ಪಾಠ ಜಕ್ಕಾಯ:
ಸುಂಕದವನು, ಕುಳ್ಳ, ಊರ ಹೊಟ್ಟೆಯ ಮೇಲೆ ಹೊಡೆದು ಕೊಬ್ಬಿದವನು,
ಹಾದುಹೋಗುವ ಯೇಸುವನ್ನು ನೋಡಲು ಮರ ಹತ್ತಿದವನು.
ನನಗೋ ಹಿಗ್ಗು, ಅವನು ಹತ್ತಿದ್ದೂ ಇದೇ ಅತ್ತಿ!
ತಲೆ ಎತ್ತಿ ತೋರಿಸುತ್ತ, ಅವರ ಮಾತಿನಲ್ಲೇ ಹೇಳಿದೆ.

ಮ್ತೆಂಗೊ ಅಂದರೆ ಮರ.
ಮ್ತೆಂಗೊ ಅಂದರೆ ಬೆಲೆ.
ನಡುವೆ ಸ್ವರದ ಒಂದು ಕೂದಲೆಳೆ,
ಇಲ್ಲಿ ಹುಟ್ಟಿದವರ ಕಿವಿಗೆ ಅದೇ ಹೆದ್ದಾರಿ.
ನನ್ನ ನಾಲಗೆ ಜಾರಿತು:
"ಜಕ್ಕಾಯ ಬೆಲೆ ಏರಿ ಕೂತ."

ನಗಬೇಕಿತ್ತು. ನನ್ನ ತಪ್ಪಿಗೆ ಉರುಳಾಡಿ ನಗುವ ಮಕ್ಕಳು
ನಗಲಿಲ್ಲ.
ಮಸೌಟ್ಸೊ ಕೇಳಿದ, "ಎಷ್ಟು ಎತ್ತರಕ್ಕೆ?"
ತಿಯಾಂಜಾನೆ ಕೇಳಿದಳು, "ಬಕೆಟ್ಟಿಗೆ ಎಷ್ಟು?"
ನಾನು ಕಥೆಯ ಓಟದಲ್ಲಿದ್ದೆ:
ಯೇಸು ಬಂದ, ನಿಂತ, ಮೇಲೆ ನೋಡಿದ,
ಜಕ್ಕಾಯಾ, ಬೇಗ ಇಳಿದು ಬಾ, ಅಂದ.
"ಇಳಿಯಿತಾ?" ಹತ್ತೊಂಬತ್ತು ಬಾಯಿ.
ಇಳಿದ. ಕಸಿದದ್ದಕ್ಕೆ ನಾಲ್ಕರಷ್ಟು ತಿರುಗಿ ಕೊಟ್ಟ.
ಅಂಥ ಚಪ್ಪಾಳೆ ಪುನರುತ್ಥಾನಕ್ಕೂ ಬಿದ್ದಿರಲಿಲ್ಲ.

ಶನಿವಾರ, ಹಿರಿಯ ಕಚಿಂಗ್ವೆಯವರ ಅಂಗಡಿ.
ಸುಗ್ಗಿಯಲ್ಲಿ ಕೊಂಡು ಹಸಿವಿನಲ್ಲಿ ಮಾರುವವರು,
ಅಳೆಯುವ ಬಕೆಟ್ಟಿನ ತಳವನ್ನು ಒಳಕ್ಕೆ ಬಡಿಸಿಟ್ಟವರು,
ನಮ್ಮ ತಗಡಿನ ದಾನಿ.
ಮುಂದೆ ಸಾಲಾಗಿ ನಿಂತು ಮಕ್ಕಳು ಕೂಗುತ್ತಿದ್ದರು:
"ಜಕ್ಕಾಯಾ, ಬೇಗ ಇಳಿದು ಬಾ!"

ಓಡಿದೆ. ಸುಮ್ಮನಿರಿಸಿದೆ.
ಹಿರಿಯರ ಕ್ಷಮೆ ಬೇಡಿದೆ, ಅವರ ನುಡಿಯಲ್ಲಿ,
ಒಂದು ಸ್ವರವೂ ತಪ್ಪದೆ.

ಏಪ್ರಿಲಿನಲ್ಲಿ ಬೆಲೆ ತಾನಾಗಿ ಇಳಿಯಿತು, ಯಾರೂ ಕರೆಯದೆ.
ಚಾಪೆ ತುಂಬಿತು. ತಿಯಾಂಜಾನೆ ಬರಲಿಲ್ಲ.
ಲಿಲೋಂಗ್ವೆಯಲ್ಲಿ ಯಾರದೋ ಕೂಸು ಎತ್ತಿಕೊಂಡಿದ್ದಾಳಂತೆ,
ಎರಡು ಹೊತ್ತು ಹಿಟ್ಟು ಸಿಗುತ್ತದಂತೆ.
ಹಾಜರಿಯಲ್ಲಿ ಅವಳ ಹೆಸರನ್ನು ಇನ್ನೂ ಕೂಗುತ್ತೇನೆ.
"ಇಲ್ಲ ಮಡಾಮು," ಅನ್ನುತ್ತಾನೆ ಮಸೌಟ್ಸೊ,
ದಿನವೂ, ದಡ್ಡರಿಗೆ ಹೇಳುವಷ್ಟು ತಾಳ್ಮೆಯಿಂದ.

ನಾಳಿದ್ದು ಶುಭ ಶುಕ್ರವಾರ.
ಮರಕ್ಕೆ ಜಡಿಸಿಕೊಂಡವನ ಕಥೆ ಹೇಳಬೇಕು,
ಆ ಪದವನ್ನು ತಪ್ಪಿಸಿಕೊಳ್ಳುವ ದಾರಿಯಿಲ್ಲ.
ಲಾಟೀನಿನ ಮುಂದೆ ಕೂತು ಬಾಯಲ್ಲಿ ಹೊರಳಿಸುತ್ತಿದ್ದೇನೆ:
ಮ್ತೆಂಗೊ. ಮ್ತೆಂಗೊ.
ಗದ್ದ ಎತ್ತಿದರೆ ಒಂದು, ತಗ್ಗಿಸಿದರೆ ಇನ್ನೊಂದು
ಎಂದು ಹೇಳಿಕೊಟ್ಟಿದ್ದಳು ಅವಳು.
ಯಾವುದಕ್ಕೆ ಎತ್ತಬೇಕು, ಯಾವುದಕ್ಕೆ ತಗ್ಗಿಸಬೇಕು
ಮರೆತಿದ್ದೇನೆ.